ಲೀನ್ ಅಂದ್ರೆ ಸ್ಟಾಕ್ ಇಡದೇ ಇರೋದಾ? ಕಾರು, ವರ್ಕ್‌ಶಾಪ್, ದರ್ಶಿನಿ ಹೇಳೋ ಪಾಠ

ಇವತ್ತಿನ ವಿಷಯ ಲೀನ್ ಮ್ಯಾನುಫ್ಯಾಕ್ಚರಿಂಗ್. ಅಂದ್ರೆ ದುಡ್ಡು, ಸಮಯ, ಸಾಮಾನು ಪೋಲಾಗದ ಹಾಗೆ ತಯಾರಿ ಮಾಡೋದು. ಆದ್ರೆ ‘ಸ್ಟಾಕ್ ಇಡಬೇಡಿ’ ಅನ್ನೋ ಒಂದೇ ಸೂತ್ರವನ್ನ ಎಲ್ಲ ಬಿಸಿನೆಸ್‌ಗೂ ಹಚ್ಚಿದರೆ ಕೈ ಸುಟ್ಕೊಳ್ತೀವಿ. ಯಾಕೆ ಅಂತ ನೋಡೋಣ.

ಮೊದಲು ಕಾರು. ಜಪಾನಿನ ಟೊಯೋಟಾದಲ್ಲಿದ್ದ ತಾಯಿಚಿ ಓನೊ ಅವರಿಗೆ ಅಮೆರಿಕದ ಸೂಪರ್‌ಮಾರ್ಕೆಟ್ ಪದ್ಧತಿ ಹಿಡಿಸಿತು. ಗಿರಾಕಿ ತಗೊಂಡು ಹೋದಷ್ಟನ್ನೇ ಅಂಗಡಿಯವರು ಮತ್ತೆ ತುಂಬಿಸ್ತಾರೆ. ಫ್ಯಾಕ್ಟರಿಯಲ್ಲೂ ಅದೇ: ಮುಂದಿನ ವಿಭಾಗ ಬಿಡಿಭಾಗ ಬಳಸಿದಾಗ ಹಿಂದಿನ ವಿಭಾಗಕ್ಕೆ ಒಂದು ಕಾರ್ಡ್ ಹೋಗುತ್ತೆ. ಕಾರ್ಡ್ ಬಂದಷ್ಟೇ ತಯಾರಿ. ಇದೇ ಕಾನ್‌ಬಾನ್. ದಿನವೂ ಹೆಚ್ಚುಕಮ್ಮಿ ಅದೇ ಭಾಗಗಳು ಬೇಕಿರೋದ್ರಿಂದ ಇದು ಅಲ್ಲಿ ನಡೆಯುತ್ತೆ.

ಈಗ ಬೆಂಗಳೂರಿನ ಪೀಣ್ಯದಲ್ಲಿರುವಂಥ ಒಂದು ಚಿಕ್ಕ ವರ್ಕ್‌ಶಾಪ್ ಊಹಿಸ್ಕೊಳ್ಳಿ. ಇವತ್ತು 50 ಪೀಸ್ ಆರ್ಡರ್, ನಾಳೆ ಬೇರೆ ಡ್ರಾಯಿಂಗ್, 20 ಪೀಸ್. ಇಲ್ಲಿ ಪ್ರತಿ ಭಾಗಕ್ಕೂ ಕಾರ್ಡ್ ಮಾಡಿ ಸ್ವಲ್ಪ ಸ್ವಲ್ಪ ಇಟ್ಕೊಂಡರೆ, ಮತ್ತೆ ಯಾರೂ ಕೇಳದ ಮಾಲು ಕಪಾಟಲ್ಲೇ ಉಳಿಯುತ್ತೆ. ಇಂಥವರಿಗೆ ದೊಡ್ಡ ನಷ್ಟ ಆಗೋದು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಮಷಿನ್ ಸೆಟ್ ಮಾಡೋ ಹೊತ್ತಲ್ಲಿ. ಶಿಗೆಯೊ ಶಿಂಗೊ ತೋರಿಸಿದ ದಾರಿ ಏನಂದ್ರೆ, ಮಷಿನ್ ಓಡ್ತಿರುವಾಗಲೇ ಮುಂದಿನ ಕೆಲಸದ ಟೂಲ್ ರೆಡಿ ಮಾಡಿಟ್ಕೊಳ್ಳೋದು. ಟೊಯೋಟಾದ 1,000 ಟನ್ ಪ್ರೆಸ್‌ನಲ್ಲಿ 4 ಗಂಟೆ ಹಿಡೀತಿದ್ದ ಸೆಟಪ್ ಹೀಗೇ ಸುಧಾರಿಸ್ತಾ ಕೊನೆಗೆ 3 ನಿಮಿಷಕ್ಕೆ ಇಳಿಯಿತು.

ಮೂರನೆಯದು ನಮ್ಮ ದರ್ಶಿನಿ. ದೋಸೆ ಹಿಟ್ಟು ಹುಳಿ ಬಂದು ಉಬ್ಬೋಕೆ ರಾತ್ರಿಯಿಡೀ ಬೇಕು. ಹಾಗಾಗಿ ನಾಳೆ ಎಷ್ಟು ಜನ ಬರ್ತಾರೆ ಅನ್ನೋ ಅಂದಾಜಿನ ಮೇಲೆ ಇವತ್ತೇ ರುಬ್ಬಬೇಕು. ಆದ್ರೆ ಕಾವಲಿ ಮೇಲೆ ದೋಸೆ ಹುಯ್ಯೋದು ಟೋಕನ್ ಬಂದ ಮೇಲೇ. ಅರ್ಧ ಅಂದಾಜು, ಅರ್ಧ ಆರ್ಡರ್. ಮೊದಲೇ ಹುಯ್ದಿಟ್ಟರೆ ತಣ್ಣಗಾಗುತ್ತೆ, ಹಿಟ್ಟೇ ಇಲ್ಲದಿದ್ರೆ ಗಿರಾಕಿ ಪಕ್ಕದ ಹೋಟೆಲ್‌ಗೆ ಹೋಗ್ತಾರೆ.

ಸರಿ, ಎಲ್ಲ ಹೊಂದುವ ಕಾರು ಕಂಪನಿಯಾದ್ರೂ ಸ್ಟಾಕ್ ಪೂರ್ತಿ ಇಳಿಸಬಹುದಾ? 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಟೊಯೋಟಾ ಬ್ರೇಕ್‌ಗೆ ಬೇಕಾದ ಒಂದು ಪುಟ್ಟ ವಾಲ್ವ್ ಬಹುತೇಕ ಅಲ್ಲಿಂದಲೇ ಬರ್ತಿತ್ತು. ಕೈಯಲ್ಲಿದ್ದ ಸ್ಟಾಕ್ ಕೆಲವೇ ಗಂಟೆಗಳದ್ದು. ಜಪಾನಿನ ಟೊಯೋಟಾ ಲೈನ್‌ಗಳು ಕೆಲವು ದಿನ ನಿಂತುಬಿಟ್ಟವು. ಉಳಿದ ಸಪ್ಲೈಯರ್‌ಗಳು ಕೈಜೋಡಿಸಿ ಅದೇ ವಾಲ್ವ್ ಮಾಡಿಕೊಟ್ಟಿದ್ದರಿಂದ ಕೆಲಸ ಬೇಗ ಶುರುವಾಯ್ತು. ಮುಂದೆ 2011ರ ಭೂಕಂಪದ ಮೇಲಂತೂ, ಸಿಗೋಕೆ ತಡವಾಗೋ ಚಿಪ್‌ಗಳನ್ನ ತಿಂಗಳುಗಟ್ಟಲೆಗೆ ಆಗುವಷ್ಟು ಇಟ್ಕೊಳ್ಳಿ ಅಂತ ಸಪ್ಲೈಯರ್‌ಗಳಿಗೆ ಟೊಯೋಟಾನೇ ಹೇಳಿತು.

ಹಾಗಾಗಿ ನೀವು ಬೇಕರಿ ತೆರೀತಿರಲಿ, ಟೀಶರ್ಟ್ ಪ್ರಿಂಟ್ ಮಾಡ್ತಿರಲಿ, ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ. ಆರ್ಡರ್ ದಿನವೂ ಒಂದೇ ಥರ ಬರುತ್ತಾ? ಕೆಲಸ ಬದಲಿಸೋಕೆ ಎಷ್ಟು ಹೊತ್ತು ಹೋಗುತ್ತೆ? ಯಾವ ಒಂದು ಸಾಮಾನು ಸಿಗದಿದ್ರೆ ಶಟರ್ ಎಳೀಬೇಕಾಗುತ್ತೆ? ಆ ಒಂದನ್ನ ಮಾತ್ರ ಧೈರ್ಯವಾಗಿ ಜಾಸ್ತಿ ಇಟ್ಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.