ನೂರಳ ಬೆರಳುಗಳು

ಲಂಡನ್ನಿನ ಬ್ಲೂಮ್ಸ್‌ಬರಿಯ ಗೋರ್ಡನ್ ಸ್ಕ್ವೇರ್ ಹೇಳಿಕೊಳ್ಳುವಂಥ ದೊಡ್ಡ ಉದ್ಯಾನವೇನಲ್ಲ. ಕಬ್ಬಿಣದ ಬೇಲಿ, ಎತ್ತರದ ಮರಗಳು, ಹುಲ್ಲು, ಬೆಂಚು. ಸುತ್ತಲೂ ಕಾಲೇಜು ಕಟ್ಟಡಗಳು. ಬಿಸಿಲು ಬಿದ್ದ ಮಧ್ಯಾಹ್ನ ಹುಡುಗ ಹುಡುಗಿಯರು ಬುತ್ತಿ ಬಿಚ್ಚಿಕೊಂಡು ಹುಲ್ಲಿನ ಮೇಲೆಯೇ ಕೂರುತ್ತಾರೆ. ಅಲ್ಲೇ ಒಂದು ಬದಿಗೆ ಎರಡನೇ ಮಹಾಯುದ್ಧದ ಬ್ರಿಟಿಷ್ ಗೂಢಚಾರಿಣಿ ನೂರ್ ಇನಾಯತ್ ಖಾನಳ ಕಂಚಿನ ಪ್ರತಿಮೆ. ಅದರ ಹತ್ತಿರ ಕೂತು ಮೊಬೈಲಿನಲ್ಲಿ ಆಕೆಯ ಎರಡು ಹಳೆಯ ಫೋಟೊ ನೋಡುತ್ತಿದ್ದೆ.

ಒಂದರಲ್ಲಿ ಸೀರೆಯುಟ್ಟ ಹುಡುಗಿ, ಕೈಯಲ್ಲಿ ವೀಣೆ. ಯುದ್ಧಕ್ಕೆ ಮುಂಚಿನದು. ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಮಕ್ಕಳ ಮನಶ್ಶಾಸ್ತ್ರ ಓದುತ್ತ, ಸಂಗೀತ ಶಾಲೆಯಲ್ಲಿ ಹಾರ್ಪ್ ಕಲಿಯುತ್ತ ಇದ್ದ ಕಾಲೇಜು ಹುಡುಗಿ ಈಕೆ. ಜಾತಕ ಕಥೆಗಳನ್ನು ಮಕ್ಕಳಿಗೆಂದು ಇಂಗ್ಲಿಷಿನಲ್ಲಿ ಬರೆದು, 1939ರಲ್ಲಿ ಪುಸ್ತಕ ತಂದವಳು.

ನೂರ್ ಎಂದೊಡನೆ ನಮ್ಮವರು ಟಿಪ್ಪುವಿನ ವಂಶ, ಟಿಪ್ಪುವಿನ ಕತ್ತಿ ಎಂದು ಶುರುಮಾಡುತ್ತಾರೆ. ಟಿಪ್ಪುವಿನ ಮರದ ಹುಲಿ ಇದೇ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ಕೂತಿದೆ. ಕತ್ತಿ ಹುಲಿಗಳ ಮಾತು ಅಲ್ಲಿಗೇ ಇರಲಿ. ನನಗೆ ವೀಣೆಯ ನಂಟೇ ಹತ್ತಿರದ್ದು. ಆಕೆಯ ಮುತ್ತಜ್ಜ ಮೌಲಾಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರರು. ಆಮೇಲೆ ಬರೋಡಾದಲ್ಲಿ ನೆಲೆನಿಂತರು. ಟಿಪ್ಪುವಿನ ಮನೆತನದ ಹೆಣ್ಣು ಅವರ ಕೈಹಿಡಿದಳೆಂಬುದು ಕುಟುಂಬದಲ್ಲಿ ನಡೆದುಬಂದ ಮಾತು.

ಇನ್ನೊಂದು ಫೋಟೊದಲ್ಲಿ ವಾಯುಪಡೆಯ ಮಹಿಳಾ ದಳದ ಸಮವಸ್ತ್ರ, ಕೊರಳಿಗೆ ಟೈ. 2014ರಲ್ಲಿ ಬ್ರಿಟನ್ನಿನ ಅಂಚೆಚೀಟಿಗೂ ಏರಿದ್ದು ಸಮವಸ್ತ್ರದ ನೂರಳೇ. 1940ರ ನವೆಂಬರಿನಲ್ಲಿ ದಳಕ್ಕೆ ಸೇರಿದವಳನ್ನು ಮೋರ್ಸ್ ಸಂಕೇತ ಕಲಿಯಲು ಹಾಕಿದರು. ಚಳಿಗೆ ಬೆರಳೆಲ್ಲ ಬಾತುಹೋಗಿ, ಕೀಲಿಯನ್ನು ಮೆಲ್ಲಗೆ ಮುಟ್ಟಲಾಗದೆ ದಡದಡ ಕುಟ್ಟುತ್ತಿದ್ದಳಂತೆ. ಜೊತೆಯವರು ಅದಕ್ಕೊಂದು ಅಡ್ಡಹೆಸರೂ ಇಟ್ಟಿದ್ದರು. ವೀಣೆಯ ಮೇಲೆ ಗಮಕ ಹಿಡಿದ ಬೆರಳಿಗೆ ಎಂಥ ಅಪವಾದ!

ಆದರೆ 1943ರ ಜೂನ್ 16ರ ರಾತ್ರಿ ಗುಪ್ತ ರೇಡಿಯೊ ಆಪರೇಟರ್ ಆಗಿ, ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಪುಟ್ಟ ವಿಮಾನದಲ್ಲಿ ಇಳಿದ ಮೇಲೆ ಲಂಡನ್ ನಂಬಿದ್ದು ಈ ಬೆರಳನ್ನೇ. ಗುಪ್ತನಾಮ ಮ್ಯಾಡಲೀನ್. ಕೆಲವೇ ದಿನಗಳಲ್ಲಿ ಸಂಗಡಿಗರು ಸಾಲಾಗಿ ಸಿಕ್ಕಿಬಿದ್ದರು. ವಾಪಸು ಬಾ ಎಂದರೆ ಒಲ್ಲೆನೆಂದಳು. ಸುಮಾರು 15 ಕಿಲೋ ತೂಕದ ರೇಡಿಯೊ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಅಲೆಯುತ್ತ, ಅಕ್ಟೋಬರಿನಲ್ಲಿ ಯಾರೋ ಹಿಡಿದುಕೊಡುವವರೆಗೂ ಸುದ್ದಿ ಕಳಿಸುತ್ತಿದ್ದಳು. 1944ರ ಸೆಪ್ಟೆಂಬರ್ 13ರ ಬೆಳಗಿನ ಜಾವ ನಾಜಿಗಳ ಡಾಕಾವ್ ಶಿಬಿರದಲ್ಲಿ ಆಕೆಗೆ ಗುಂಡಿಕ್ಕಿದರು. ವಯಸ್ಸು 30.

ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಬಂದದ್ದು 1949ರಲ್ಲಿ. ಹತ್ತಿರದಲ್ಲೇ ಇರುವ 4, ಟ್ಯಾವಿಟನ್ ಸ್ಟ್ರೀಟ್ ಆಕೆ ತಂಗಿದ್ದ ಮನೆ. ಅದರ ಗೋಡೆಗೆ 2020ರಲ್ಲಿ ನೀಲಿ ಫಲಕ ಹಾಕಿದರು. ಉದ್ಯಾನದ ಈ ಪ್ರತಿಮೆ 2012ರದು. ಇದು ಭುಜದವರೆಗಷ್ಟೇ ಇದೆ, ಬೆರಳುಗಳಿಲ್ಲ. ಅವನ್ನು ನೋಡಬೇಕೆಂದರೆ ವೀಣೆಯ ಫೋಟೊ ಹುಡುಕಿ.