ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುವ ಅಂಚೆ

ವಿದ್ಯಾರ್ಥಿವೇತನದ ಸೂಚನೆಯಾಗಲಿ, ಸಂದರ್ಶನದ ಕರೆಯಾಗಲಿ ಇಂದು ಬಹುಮಟ್ಟಿಗೆ ಇ-ಮೇಲಿನ ಮೂಲಕವೇ ಬರುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಣ ಹಳ್ಳಿಗಳಿಂದ ಬಂದು, ಮನೆತನದಲ್ಲಿ ಮೊದಲಿಗರಾಗಿ ಪದವಿ ತರಗತಿಯಲ್ಲಿ ಕುಳಿತಿರುವ ನಮ್ಮಂಥವರಿಗೆ ಒಂದು ಪತ್ರ ತಪ್ಪಿದರೆ ಒಂದು ವರ್ಷವೇ ತಪ್ಪಬಹುದು. ಹೀಗಿರಲು, ಕಂಪ್ಯೂಟರಿನಲ್ಲಿ ಹಾಕಿಕೊಂಡ ಥಂಡರ್‌ಬರ್ಡ್‌ನಂಥ ಅಂಚೆ ತಂತ್ರಾಂಶವು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪುನಃ ಪುನಃ ಅದನ್ನೇ ಕೇಳತೊಡಗಿದರೆ ದಿಕ್ಕು ತೋಚದಂತಾಗುವುದು ಸಹಜ.

ಮೊದಲು ಅದೇ ಖಾತೆಯನ್ನು ಬ್ರೌಸರಿನಲ್ಲಿ ಪಾಸ್‌ವರ್ಡ್ ಟೈಪು ಮಾಡಿಯೇ ತೆರೆದು ನೋಡಬೇಕು. ಅಲ್ಲಿ ಪ್ರವೇಶ ದೊರೆತರೆ ಪಾಸ್‌ವರ್ಡ್ ಸರಿಯಾಗಿದೆಯೆಂದು ಅರ್ಥ. ದೋಷವು ಸಾಮಾನ್ಯವಾಗಿ ಅದನ್ನು ಒಪ್ಪಿಸುವ ವಿಧಾನದಲ್ಲಿರುತ್ತದೆ.

ಹಿಂದೆ ತಂತ್ರಾಂಶವು ನಮ್ಮ ಪಾಸ್‌ವರ್ಡನ್ನು ತನ್ನಲ್ಲಿಟ್ಟುಕೊಂಡು ಪ್ರತಿಸಲವೂ ಸರ್ವರಿಗೆ ತಾನೇ ಒಪ್ಪಿಸುತ್ತಿತ್ತು. ವೈಯಕ್ತಿಕ ಖಾತೆಗಳಲ್ಲಿ ಈ ಪದ್ಧತಿಯನ್ನು ಗೂಗಲ್ ಸಂಸ್ಥೆಯು 2022ರ ಮೇ 30ರಿಂದಲೂ, ಮೈಕ್ರೋಸಾಫ್ಟ್ ಸಂಸ್ಥೆಯು 2024ರ ಸೆಪ್ಟೆಂಬರ್ 16ರಿಂದಲೂ ನಿಲ್ಲಿಸಿದವು. ಈಗಿನ ಪದ್ಧತಿಗೆ ‘ಓಆತ್2’ ಎಂದು ಹೆಸರು. ಇದರಲ್ಲಿ ಪಾಸ್‌ವರ್ಡನ್ನು ಆ ಸಂಸ್ಥೆಯ ಪುಟದಲ್ಲಷ್ಟೇ ಕೊಡುತ್ತೇವೆ. ತಂತ್ರಾಂಶದ ಕೈಗೆ ಬರುವುದು ಒಂದು ಟೋಕನ್ ಮಾತ್ರ. ಹಿಂದೆ ಒಂಟಿ ಹಳಿಯ ಮಾರ್ಗಗಳಲ್ಲಿ ಸ್ಟೇಷನ್ ಮಾಸ್ಟರು ಕೊಡುವ ಟೋಕನ್ ಕೈಸೇರದ ಹೊರತು ಚಾಲಕನು ಗಾಡಿ ಹೊರಡಿಸುವಂತಿರಲಿಲ್ಲ. ಇಲ್ಲಿಯೂ ಅದೇ ನಿಯಮ. ಟೋಕನ್ ಇಲ್ಲದೆ ಪಾಸ್‌ವರ್ಡನ್ನು ನೂರು ಸಲ ಬರೆದರೂ ಫಲವಿಲ್ಲ.

ಪರಿಹಾರ ಹೀಗಿದೆ. ಥಂಡರ್‌ಬರ್ಡ್‌ನ ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ‘ಸರ್ವರ್ ಸೆಟ್ಟಿಂಗ್ಸ್’ ತೆರೆದು, ‘ಅಥೆಂಟಿಕೇಷನ್ ಮೆಥಡ್’ ಎಂಬಲ್ಲಿ ‘ಓಆತ್2’ ಆರಿಸಬೇಕು. ಪತ್ರ ಕಳುಹಿಸುವ ‘ಔಟ್‌ಗೋಯಿಂಗ್ ಸರ್ವರ್’ಗೂ ಹೀಗೆಯೇ ಮಾಡಬೇಕು, ಇದನ್ನು ಮರೆತರೆ ಪತ್ರಗಳು ಬರುತ್ತವೆ, ಹೋಗುವುದಿಲ್ಲ. ಬಳಿಕ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ ವಿಭಾಗದಲ್ಲಿ ಕುಕಿಗಳಿಗೆ ಅನುಮತಿ ಇದೆಯೆಂದು ನೋಡಿಕೊಂಡು, ಆ ಖಾತೆಗೆ ಉಳಿಸಿಟ್ಟ ಹಳೆಯ ಪಾಸ್‌ವರ್ಡುಗಳನ್ನು ಅಳಿಸಿ, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ಆಗ ಪ್ರವೇಶದ ಪುಟ ಬರುತ್ತದೆ. ಅಲ್ಲಿ ಒಮ್ಮೆ ಒಪ್ಪಿಗೆ ಕೊಟ್ಟರಾಯಿತು.

ತಂತ್ರಾಂಶವು ತೀರ ಹಳೆಯದಾಗಿದ್ದು ಓಆತ್2 ಅರಿಯದಿದ್ದರೆ, ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಜಾರಿಗೊಳಿಸಿ, 16 ಅಕ್ಷರಗಳ ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದಾಗ ಇದು ರದ್ದಾಗುವುದರಿಂದ ಹೊಸದನ್ನು ಪಡೆಯಬೇಕಾಗುತ್ತದೆ.

ಕೊನೆಯದಾಗಿ ಸಹಪಾಠಿಗಳಲ್ಲಿ ಒಂದು ವಿಜ್ಞಾಪನೆ. ಬೇಸರದಿಂದಲೋ ಅವಸರದಿಂದಲೋ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ‘ಸರಿಮಾಡಿಕೊಡಿ ಅಣ್ಣ’ ಎಂದು ಅಂಗಡಿಯವರ ಕೈಗೆ ಕೊಡುವವರು ನಮ್ಮಲ್ಲಿ ಇದ್ದಾರೆ. ಅರ್ಜಿಗಳ ಗುಟ್ಟಿನ ಸಂಖ್ಯೆಗಳು ಬರುವುದೂ ಇದೇ ಪೆಟ್ಟಿಗೆಗೆ ಎಂಬುದನ್ನು ನೆನೆಯಬೇಕು. ತಿಳಿದವರ ನೆರವನ್ನು ಅವಶ್ಯವಾಗಿ ಕೇಳೋಣ. ಪಾಸ್‌ವರ್ಡನ್ನು ಮಾತ್ರ ನಮ್ಮ ಕೈಯಿಂದಲೇ ಟೈಪು ಮಾಡೋಣ.