ನರರೋಗ ತಜ್ಞರು ತಿದ್ದಿಕೊಟ್ಟ ನೀಲಿ ಪುಸ್ತಕ

ಡಾ. ಜಾನ್ ಎರಿಕ್ ಹೋಮ್ಸ್ ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನರರೋಗ ಶಾಸ್ತ್ರ ಕಲಿಸುತ್ತಿದ್ದವರು. ಆದರೆ ಅವರ ಹೆಸರನ್ನು ಇಂದಿಗೂ ಪ್ರೀತಿಯಿಂದ ಹೇಳುವವರು ಆಟಗಾರರು. ಅದಕ್ಕೆ ಕಾರಣ 1977ರಲ್ಲಿ ಹೊರಬಂದ, ಐವತ್ತು ಪುಟವೂ ಇಲ್ಲದ, ನೀಲಿ ಹೊದಿಕೆಯ ಒಂದು ಪುಸ್ತಕ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಕಣ್ಣಾರೆ ಕಂಡಿಲ್ಲದವರೂ ಓದಿ, ಅರ್ಥ ಮಾಡಿಕೊಂಡು, ಆಡಲು ಕೂರುವಂತೆ ಅದನ್ನು ತಿಳಿಯಾಗಿಸಿದ್ದು ಆ ಪುಸ್ತಕ.

ಈ ಆಟಕ್ಕೆ ಬೇಕಾದದ್ದು ಒಂದು ಮೇಜು, ಕಾಗದ, ಪೆನ್ಸಿಲ್ ಮತ್ತು ದಾಳಗಳು. ಒಬ್ಬರು ಕಥೆ ನಡೆಸುತ್ತಾರೆ. ಅವರೇ ಡಂಜನ್ ಮಾಸ್ಟರ್. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ‘ಬಾಗಿಲು ತೆರೆದಿದೆ, ಮೆಟ್ಟಿಲು ಕತ್ತಲಿಗೆ ಇಳಿಯುತ್ತಿದೆ. ಏನು ಮಾಡುತ್ತೀರಿ?’ ಎಂದು ಮಾಸ್ಟರ್ ಕೇಳಿದರೆ, ಪ್ರತಿಯೊಬ್ಬರೂ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಆದೀತೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಕೊನೆಯಲ್ಲಿ ಗೆದ್ದವರು ಸೋತವರು ಎಂದು ಇರುವುದಿಲ್ಲ, ಎಲ್ಲರೂ ಸೇರಿ ಕಟ್ಟಿದ ಒಂದು ಕಥೆ ಇರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಈ ಆಟ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ರೂಪಿಸಿದವರು. ಒಂದು ಪೆಟ್ಟಿಗೆ, ಅದರೊಳಗೆ ಮೂರು ಕಿರುಪುಸ್ತಕ. ಮೊದಲ ಮುದ್ರಣ ಬರೀ 1000 ಪ್ರತಿ. ಇಬ್ಬರೂ ಯುದ್ಧದಾಟಗಳಲ್ಲಿ ಪಳಗಿದವರು, ಬರೆದದ್ದೂ ಅಂಥವರಿಗಾಗಿಯೇ. ಹೊಡೆದಾಟದ ನಿಯಮಕ್ಕೆ ‘ಚೈನ್‌ಮೇಲ್’ ಎಂಬ ಇನ್ನೊಂದು ಪುಸ್ತಕ ನೋಡಬೇಕಿತ್ತು. ಕಾಡುಮೇಡಿನ ಪಯಣಕ್ಕೆ ಬೇರೊಂದು ಕಂಪನಿಯ ಆಟದ ಹಲಗೆ ತರಬೇಕಿತ್ತು. ಹಾಗಾಗಿ ಅಜ್ಜಿಯ ಪಕ್ಕ ಕೂತು ಚೌಕಾಬಾರ ಕಲಿಯುವಂತೆ, ಗೊತ್ತಿದ್ದವರ ಪಕ್ಕ ಕೂತೇ ಇದನ್ನು ಕಲಿಯಬೇಕಾಯಿತು. ಹೇಳಿಕೊಡುವವರಿಲ್ಲದ ಊರಿನಲ್ಲಿ ಪೆಟ್ಟಿಗೆ ಕೊಂಡವರು ಪುಟ ತಿರುವಿ ತಿರುವಿ ಸೋತರು.

ತಾನೇ ಸರಳ ಮಾಡಿಕೊಳ್ಳೋಣ ಎಂದು ಮೊದಲು ಹೊರಟವರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಕೆನ್ ಸೇಂಟ್ ಆಂಡ್ರೆ ಒಬ್ಬರು. ಗೆಳೆಯರೊಬ್ಬರಲ್ಲಿ ಈ ಪುಸ್ತಕಗಳನ್ನು ನೋಡಿದ ಅವರಿಗೆ ಕಲ್ಪನೆ ಹಿಡಿಸಿತು, ನಿಯಮ ಹಿಡಿಸಲಿಲ್ಲ. ಎಲ್ಲರ ಮನೆಯಲ್ಲೂ ಇರುವ ಆರು ಮುಖದ ದಾಳ ಸಾಕಾಗುವ ‘ಟನಲ್ಸ್ ಅಂಡ್ ಟ್ರೋಲ್ಸ್’ ಅನ್ನು 1975ರಲ್ಲಿ ಅವರು ಹೊರತಂದರು. ಅದು ಬೇರೆಯದೇ ಆಟವಾಗಿ ಬೆಳೆಯಿತು. ಹೋಮ್ಸ್ ಹಿಡಿದದ್ದು ಇನ್ನೊಂದು ದಾರಿ.

ವೈದ್ಯರ ಕೈಚಳಕ

1930ರಲ್ಲಿ ಹುಟ್ಟಿದ ಹೋಮ್ಸ್ ಅವರ ತಂದೆ ಜಾಸ್ಪರ್ ಹೋಮ್ಸ್ ನೌಕಾಪಡೆಯ ಬೇಹುಗಾರಿಕೆ ಅಧಿಕಾರಿ. ಮಿಡ್‌ವೇ ದ್ವೀಪದಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂಬ ಸುಳ್ಳು ಸಂದೇಶ ಕಳಿಸಿ, 1942ರಲ್ಲಿ ಜಪಾನೀಯರ ಗುಪ್ತ ಸಂಕೇತದ ಗುಟ್ಟು ಹೊರಡಿಸಿದ ಉಪಾಯ ಅವರದೆಂದು ಹೇಳುತ್ತಾರೆ. ತಂದೆ ಕಥೆಗಾರರೂ ಹೌದು. ಮಗನಿಗೂ ಆ ಗೀಳು ಬಂತು. ಎಡ್ಗರ್ ರೈಸ್ ಬರೋಸ್ ಕಟ್ಟಿದ ಪಾತಾಳಲೋಕದ ಕಥೆಗಳನ್ನು ಮುಂದುವರಿಸುವ ಕಾದಂಬರಿಯೊಂದನ್ನು ಹೋಮ್ಸ್ 1976ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಮಕ್ಕಳ ಜೊತೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದರು. ಹೊಸಬರಿಗೆ ಒಂದು ಪುಸ್ತಕ ಬೇಕು, ಅದನ್ನು ನಾನು ಸಿದ್ಧಪಡಿಸಿಕೊಡುತ್ತೇನೆ ಎಂದು ಪ್ರಕಾಶಕ ಸಂಸ್ಥೆ ಟಿ.ಎಸ್.ಆರ್.ಗೆ ತಾವೇ ಮುಂದಾಗಿ ತಿಳಿಸಿದರು.

ಅವರು ಮಾಡಿದ ಮೊದಲ ಕೆಲಸ ಮಿತಿ ಹಾಕಿದ್ದು. ಪಾತ್ರಗಳು ಮೂರನೆಯ ಹಂತದವರೆಗೆ ಬೆಳೆಯುವಷ್ಟು ನಿಯಮ ಸಾಕು, ಮುಂದಿನದು ಆಮೇಲೆ ಎಂದು ಗೆರೆ ಎಳೆದರು. ಆ ಗೆರೆಯೊಳಗೆ ಬರುವುದನ್ನು ಮೂರು ಕಿರುಪುಸ್ತಕಗಳಿಂದಲೂ ಆಮೇಲೆ ಬಂದ ಪುರವಣಿಗಳಿಂದಲೂ ಹೆಕ್ಕಿ, ಹೊಸಬರಿಗೆ ಯಾವುದು ಮೊದಲು ಬೇಕೋ ಅದನ್ನು ಮೊದಲು ಇಟ್ಟರು. ಮೂರು ದಾಳ ಉರುಳಿಸಿ ಶಕ್ತಿ, ಬುದ್ಧಿ, ವಿವೇಕ ಮುಂತಾದ ಆರು ಗುಣಗಳ ಅಂಕ ಬರೆದುಕೊಳ್ಳುವುದರಿಂದ ಶುರು. ಆಮೇಲೆ ಪಾತ್ರ, ಮಂತ್ರ, ಹೊಡೆದಾಟ, ರಾಕ್ಷಸರು, ನಿಧಿ. ಮೂಲದ ವಾಕ್ಯಗಳನ್ನು ಆದಷ್ಟೂ ಉಳಿಸಿಕೊಂಡರು.

ಮಂತ್ರದ ನಿಯಮವೊಂದು ಅವರಿಗೆ ಒಪ್ಪಿಗೆ ಇರಲಿಲ್ಲ. ಮೂಲ ಆಟದಲ್ಲಿ ಮಾಂತ್ರಿಕ ಮಂತ್ರವನ್ನು ಬಾಯಿಪಾಠ ಮಾಡಿಕೊಂಡು ಹೊರಡುತ್ತಾನೆ, ಒಮ್ಮೆ ಪ್ರಯೋಗಿಸಿದ ಕೂಡಲೇ ಅದು ಅವನ ನೆನಪಿನಿಂದ ಅಳಿಸಿಹೋಗುತ್ತದೆ. ಇದರ ಬದಲು ಅಂಕ ಖರ್ಚು ಮಾಡುವ ಪದ್ಧತಿ ಇರಲಿ ಎಂದು ಹೋಮ್ಸ್ ಕೇಳಿದರು. ಗೈಗ್ಯಾಕ್ಸ್ ಒಪ್ಪಲಿಲ್ಲ. ಮೂಲ ನಿಯಮವೇ ಪುಸ್ತಕದಲ್ಲಿ ಉಳಿಯಿತು. ಇನ್ನೊಬ್ಬರ ಆಟವನ್ನು ತಿದ್ದಲು ಕೂತವರು ತಮ್ಮ ಇಷ್ಟವನ್ನು ಪಕ್ಕಕ್ಕಿಡಬೇಕಾಗುತ್ತದೆ; ನನಗೆ ಅವರಲ್ಲಿ ಗೌರವ ಹೆಚ್ಚಿದ್ದು ಇಲ್ಲೇ.

ಸರಳ ಮಾಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಆಯುಧಗಳ ನಿಯಮ ನೋಡಬೇಕು. ಯಾವ ಆಯುಧವಾದರೂ ಪೆಟ್ಟಿನ ಲೆಕ್ಕ ಆರು ಮುಖದ ಒಂದೇ ದಾಳ. ಕಲಿಯಲು ಸುಲಭ. ಆದರೆ ಕಠಾರಿಯಂಥ ಹಗುರ ಆಯುಧ ಒಂದು ಸುತ್ತಿನಲ್ಲಿ ಎರಡು ಸಲ ಹೊಡೆಯಬಹುದು, ಎರಡು ಕೈಯ ಭಾರಿ ಖಡ್ಗ ಎರಡು ಸುತ್ತಿನಲ್ಲಿ ಒಂದೇ ಸಲ ಎಂಬ ಮಾತೂ ಉಳಿದುಕೊಂಡಿತು. ಲೆಕ್ಕ ಹಾಕಿದರೆ ಕಠಾರಿಗೆ ಖಡ್ಗದ ನಾಲ್ಕರಷ್ಟು ಬಲ! ಒಂದು ಎಳೆ ತೆಗೆದರೆ ಇನ್ನೆಲ್ಲೋ ಹೆಣಿಗೆ ಜಗ್ಗುತ್ತದೆ. 1981ರಲ್ಲಿ ಟಾಮ್ ಮೋಲ್ಡ್‌ವೇ ಈ ಪುಸ್ತಕವನ್ನು ಹೊಸದಾಗಿ ಬರೆದಾಗ ಇದು ಸರಿಹೋಯಿತು.

ಹೋಮ್ಸ್ ಅವರ ಸ್ವಂತ ಕಲ್ಪನೆ ಅರಳಿದ್ದು ಪುಸ್ತಕದ ಕೊನೆಯಲ್ಲಿ, ಮಾದರಿಗೆಂದು ಕೊಟ್ಟ ನೆಲಮಾಳಿಗೆಯಲ್ಲಿ. ಪೋರ್ಟೌನ್ ಎಂಬ ಕಡಲೂರು, ಜೆನೋಪಸ್ ಎಂಬ ಮಾಂತ್ರಿಕನ ಪಾಳು ಗೋಪುರ, ಅದರಡಿಯ ಸುರಂಗಗಳು, ಸಮುದ್ರಕ್ಕೆ ತೆರೆಯುವ ಗುಹೆ, ಅಲ್ಲಿ ಕಡಲ್ಗಳ್ಳರು. ನಿಯಮ ಓದಿ ಮುಗಿಸಿದ ಹುಡುಗ ‘ಈಗೇನು ಮಾಡಲಿ?’ ಎಂದು ಕೇಳುವ ಹೊತ್ತಿಗೆ ಆಟ ಸಿದ್ಧವಾಗಿ ಕಾದಿರುತ್ತಿತ್ತು.

ದಾಳ ಸಿಗದ ದಿನಗಳು

ನೀಲಿ ಪುಸ್ತಕವಿದ್ದ ಪೆಟ್ಟಿಗೆಗೆ ಬೇಡಿಕೆ ಬಂತು. 1979ರ ಸುಮಾರಿಗೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳ ಪೂರೈಕೆಯೇ ಸಾಲದೆ, ಅಂಕಿ ಅಚ್ಚಾದ ರಟ್ಟಿನ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದರು. ಕತ್ತರಿಸಿ, ಲೋಟಕ್ಕೆ ಹಾಕಿ, ಕಲಕಿ ಒಂದೊಂದೇ ಎತ್ತಬೇಕು. ಮಕ್ಕಳು ಹಾಗೆಯೇ ಆಡಿದರು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ಸಿದ್ಧಪಡಿಸಿದ ಕೆಂಪು ಪೆಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಬ್ಬರೇ ಕೂತು ಕಥೆಯೊಂದನ್ನು ಓದುತ್ತಾ ಆಡುತ್ತಲೇ ನಿಯಮ ಕಲಿಯಬಹುದಾಯಿತು.

ಈಗ ಆಟದ ಒಡೆತನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯದು. 2023ರ ಜನವರಿಯಲ್ಲಿ ಅದು ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೂಲದ ಹೆಸರು ಹೇಳಿದರಾಯಿತು, ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಕಿರಿದು ಮಾಡಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಕನ್ನಡಕ್ಕೂ ಯಾವ ಅಡ್ಡಿಯೂ ಇಲ್ಲ. ಜೆನೋಪಸ್‌ನ ಗೋಪುರವೇ ಬೇಕೆಂದಿಲ್ಲ. ಚಿತ್ರದುರ್ಗದ ಏಳುಸುತ್ತಿನ ಕೋಟೆಯಲ್ಲಿ, ಮಲೆನಾಡಿನ ಪಾಳು ಅರಮನೆಯೊಂದರಲ್ಲಿ ಮಕ್ಕಳು ಕಥೆ ಕಟ್ಟಬಹುದು. ಒಂದು ಶಾಲೆಯ ಗ್ರಂಥಾಲಯದಲ್ಲಿ ಶನಿವಾರದ ಮಧ್ಯಾಹ್ನ ನಾಲ್ಕು ಮಕ್ಕಳು ‘ನೀನು ದೀಪ ಹಿಡಿ, ನಾನು ಮುಂದೆ ಹೋಗುತ್ತೇನೆ’ ಎಂದು ತಮ್ಮ ಮಾತಿನಲ್ಲೇ ಆಡಿಕೊಳ್ಳುವುದಕ್ಕೆ ಆ ನೀಲಿ ಪುಸ್ತಕದಂತೆ ನಲವತ್ತೆಂಟು ಪುಟ ಸಾಕು.

ಹೋಮ್ಸ್ 2010ರಲ್ಲಿ ತೀರಿಕೊಂಡರು. ಅವರು ಹೊಸ ಆಟ ಕಂಡುಹಿಡಿದವರಲ್ಲ. ಇದ್ದ ಆಟವನ್ನು ಗುರುತು ಪರಿಚಯವಿಲ್ಲದ ಮಕ್ಕಳ ಕೈಗೆಟುಕುವಂತೆ ಮಾಡಿದವರು. ಅಂಥ ಕೆಲಸಕ್ಕೆ ತಾಳ್ಮೆಯಿಂದ ಕೂರುವ ಮೇಷ್ಟ್ರುಗಳು, ಮಕ್ಕಳ ಸಾಹಿತಿಗಳು ಕನ್ನಡದಲ್ಲಿ ಯಾವತ್ತೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಈ ಕೆಲಸ ಕೈಗೆತ್ತಿಕೊಳ್ಳಲಿ, ಈಗಿನ ಮಕ್ಕಳು ದೊಡ್ಡವರಾಗುವುದರೊಳಗೆ.